ಹುಲ್ಲಿನ ಕಡ್ಡಿ ಹಂಚಿದೆವು, ಗೋದಲಿ ನೋಡಲಿಲ್ಲ: ಒಂದು ಮೇವಿನ ತರಬೇತಿಯ ಪ್ರಕರಣ

ಮೊದಲ ತರಬೇತಿ ಮುಗಿದು ಆರು ತಿಂಗಳಾದ ಮೇಲೆ ಅದೇ ಊರಿಗೆ ಹೋಗಿ, ನಾವು ಹಂಚಿದ್ದ ನೇಪಿಯರ್ ಅನ್ನುವ ಮೇವಿನ ಹುಲ್ಲು ಎಲ್ಲೆಲ್ಲಿದೆ ಅಂತ ಹೊಲದಿಂದ ಹೊಲಕ್ಕೆ ಅಲೆದೆ. ಇಪ್ಪತ್ತು ಮನೆಗೆ ನೆಡಲು ಅದರ ಕಡ್ಡಿ ಕೊಟ್ಟಿದ್ದೆವು. ಮೂರು ಕಡೆ ಉಳಿದಿತ್ತು. ಅದರಲ್ಲಿ ಒಂದು ಕಡೆ ಹುಲ್ಲು ಆಳೆತ್ತರ ದಾಟಿ, ಕಾಂಡ ಕೋಲಿನ ಹಾಗೆ ಗಟ್ಟಿಯಾಗಿ, ಬುಡದಲ್ಲಿ ಒಣ ಎಲೆ ಜೋತುಬಿದ್ದುಕೊಂಡು ಕಾಡಿನಂತೆ ನಿಂತಿತ್ತು. ಮನೆಯವರು ಹೆಮ್ಮೆಯಿಂದ ತೋರಿಸಿದರು. "ಎಷ್ಟೆತ್ತರ ಬಂದಿದೆ ನೋಡಿ ಸರ್!" ಪಕ್ಕದ ಕೊಟ್ಟಿಗೆಯಲ್ಲಿ ಅವರ ಹಸು ಆ ಹುಲ್ಲಿನ ಎಲೆಯನ್ನಷ್ಟೇ ಎಳೆದು ತಿಂದು, ಕಾಂಡವನ್ನೆಲ್ಲ ಕಾಲ ಕೆಳಗೆ ಹಾಕಿ ತುಳಿದಿತ್ತು.

ಆ ತರಬೇತಿ ಯಾಕೆ ಕೆಟ್ಟಿತು, ಎರಡನೇ ಸಲ ಏನು ಬದಲಾಯಿಸಿದೆವು ಅಂತ ಇಲ್ಲಿ ಪೂರ್ತಿ ಬರೆದಿಡುತ್ತಿದ್ದೇನೆ. ತಪ್ಪು ಬಹುಪಾಲು ನನ್ನದೇ. ಹಾಗಾಗಿ ಯಾರ ಹೆಸರೂ ಬೇಕಾಗಿಲ್ಲ.

ಮೊದಲು ಅಲ್ಲಿನ ಪರಿಸ್ಥಿತಿ. ಮನೆಗೆ ಒಂದರಿಂದ ನಾಲ್ಕು ಹಸು. ಜಮೀನು ಹೆಚ್ಚಿನವರಿಗೆ ಎರಡು ಎಕರೆಯೊಳಗೆ. ಹೊಟ್ಟೆಗೆ ಬೇಕಾದ ಬೆಳೆ ಹಾಕಿದ ಮೇಲೆ ಮೇವಿಗೆ ಅಂತ ಉಳಿಯುವುದು ಬದು, ಮೂಲೆ, ಇಳಿಜಾರು. ಒಬ್ಬರಿಗೆ ಜಮೀನೇ ಇರಲಿಲ್ಲ, ಅವರ ವಿಷಯ ಕೊನೆಗೆ ಹೇಳುತ್ತೇನೆ. ಹಸುವಿಗೆ ಸಿಗುತ್ತಿದ್ದದ್ದು ಒಣಹುಲ್ಲು, ದಾರಿ ಬದಿಯಲ್ಲಿ ಕೊಯ್ದು ತಂದ ಹಸಿರು, ಹಾಲು ಕೊಡುವಾಗ ಒಂದಿಷ್ಟು ಹಿಂಡಿ. ಮಳೆ ಇರುವಷ್ಟು ದಿನ ಹೇಗೋ ನಡೆಯುತ್ತಿತ್ತು. ಒಣ ತಿಂಗಳು ಶುರುವಾಯಿತೆಂದರೆ ಹಾಲು ಇಳಿಯುವುದು, ಪಕ್ಕೆಲುಬು ಎದ್ದು ಕಾಣುವುದು, ಬೆದೆಗೇ ಬಾರದೆ ಹಸು ತಿಂಗಳುಗಟ್ಟಲೆ ಸುಮ್ನೆ ನಿಲ್ಲುವುದು. ಪ್ರತಿ ವರ್ಷವೂ ಇದೇ ಪಾಡು.

ನಾವು ಮಾಡಿದ್ದೇನು? ಎರಡು ದಿನ ಒಂದು ಕೋಣೆಯಲ್ಲಿ ಕೂರಿಸಿ ಪಾಠ ಹೇಳಿದೆವು. ಪ್ರೋಟೀನ್, ನಾರು, ಖನಿಜ, ಸಮತೋಲನ ಆಹಾರ, ಸ್ಲೈಡ್ ಮೇಲೆ ಸ್ಲೈಡ್. ಮಧ್ಯಾಹ್ನದ ಮೇಲೆ ಅರ್ಧ ಜನ ತೂಕಡಿಸುತ್ತಿದ್ದರು, ಅವರ ತಪ್ಪೇನೂ ಇಲ್ಲ. ಕೊನೆಗೆ ಎಲ್ಲರಿಗೂ ಒಂದೊಂದು ಚೀಲ, ಚೀಲದಲ್ಲಿ ಕೈಪಿಡಿ, ಜೊತೆಗೆ ನೇಪಿಯರ್ ಕಡ್ಡಿಯ ಒಂದು ಕಟ್ಟು. ಫೋಟೋ ತೆಗೆದುಕೊಂಡೆವು. ವರದಿಯಲ್ಲಿ "ಇಪ್ಪತ್ತು ಮಂದಿಗೆ ತರಬೇತಿ" ಅಂತ ಬರೆದೆವು. ಬರೆದದ್ದೇನೋ ಸುಳ್ಳಲ್ಲ ಬಿಡಿ.

ಆರು ತಿಂಗಳ ಮೇಲೆ ಹೋದಾಗ ಒಬ್ಬೊಬ್ಬರನ್ನೇ ಕೂತು ಕೇಳಿದೆ. ಕೆಲವರು ಕಡ್ಡಿಯನ್ನು ನೀರಿಲ್ಲದ ಕೊನೇ ಮೂಲೆಯಲ್ಲಿ ನೆಟ್ಟಿದ್ದರು, ಒಳ್ಳೆ ಜಾಗ ಹುಲ್ಲಿಗೆ ಯಾಕೆ ಕೊಡೋದು ಅಂತ. ಇಬ್ಬರ ಮನೆಯಲ್ಲಿ ಆ ಕಟ್ಟು ಎರಡು ವಾರ ಗೋಡೆಗೆ ಒರಗಿಕೊಂಡೇ ಒಣಗಿತ್ತು, ಯಾಕೆಂದರೆ ನಾವು ಕೊಟ್ಟದ್ದು ಕೊಯ್ಲಿನ ಗಡಿಬಿಡಿಯಲ್ಲಿ. ಒಂದು ಮನೆಯಲ್ಲಿ ನಾನು ಹುಲ್ಲಿನ ಬಗ್ಗೆ ಕೇಳುತ್ತಿದ್ದಾಗ ಒಳಗಿಂದ ಒಬ್ಬ ಹೆಂಗಸು ಬುಟ್ಟಿ ಹೊತ್ತುಕೊಂಡು ಬಂದವರು ನಿಂತು ಹೇಳಿದರು: "ಹುಲ್ಲು ಕೊಯ್ಯೋದು ನಾನು, ಹಾಕೋದು ನಾನು, ಹಾಲು ಕರೆಯೋದೂ ನಾನು. ತರಬೇತಿಗೆ ಹೋಗಿದ್ದು ಇವರು. ಚೀಲ ಚೆನ್ನಾಗಿದೆ, ದಿನಾ ಬಳಸ್ತೀನಿ."

ನನಗೆ ನಗು ಬಂತು, ಆಮೇಲೆ ನಾಚಿಕೆಯಾಯಿತು. ಹಾಜರಿ ಪಟ್ಟಿ ತೆಗೆದು ನೋಡಿದರೆ ಇಪ್ಪತ್ತರಲ್ಲಿ ಹೆಂಗಸರು ಇಬ್ಬರು. ಮೇವಿನ ಕೆಲಸದ ಬಹುಪಾಲು ಮಾಡುವವರನ್ನು ಹೊರಗಿಟ್ಟು ನಾವು ಮೇವಿನ ಪಾಠ ಮಾಡಿದ್ದೆವು.

ಎರಡನೇ ಸಲಕ್ಕೆ ದಾರಿ ತೋರಿಸಿದ್ದು ಹಳೆಯದೊಂದು ಪದ್ಧತಿ. 1989ರಲ್ಲಿ ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಶುರು ಮಾಡಿಸಿದ ರೈತ ಕ್ಷೇತ್ರ ಪಾಠಶಾಲೆ. ಕೀಟಕ್ಕೆ ಔಷಧಿ ಹೊಡೆಯುವ ಮುಂಚೆ ಗದ್ದೆಗೆ ಇಳಿದು, ಹುಳು ಎಣಿಸಿ, ನೋಡಿದ್ದನ್ನು ಬರೆದು ಗುಂಪಿನಲ್ಲಿ ಚರ್ಚಿಸಿ, ಆಮೇಲೆ ರೈತರೇ ತೀರ್ಮಾನ ಮಾಡುವುದು ಅದರ ಕ್ರಮ. ಮುಂದೆ ಇದನ್ನೇ ಬೇರೆ ಬೆಳೆಗಳಿಗೂ, ಪೂರ್ವ ಆಫ್ರಿಕಾದಲ್ಲಿ ಹೈನುಗಾರಿಕೆಗೂ ಒಗ್ಗಿಸಿಕೊಂಡರು. ನಾವೂ ಗದ್ದೆಯ ಜಾಗದಲ್ಲಿ ಕೊಟ್ಟಿಗೆ ಇಟ್ಟುಕೊಂಡೆವು. ಹದಿನೈದು ದಿನಕ್ಕೊಮ್ಮೆ, ಒಂದೊಂದು ಸಲ ಒಬ್ಬೊಬ್ಬರ ಕೊಟ್ಟಿಗೆಯಲ್ಲಿ, ಎರಡು ಗಂಟೆ ಮೀರದಂತೆ, ಬೆಳಗಿನ ಹಾಲು ಕರೆದು ಮುಗಿದ ಮೇಲೆ. ಸಮಯ ಇಟ್ಟದ್ದು ಹೆಂಗಸರೇ. ಮನೆಯಿಂದ ಇಬ್ಬರು ಬರಬೇಕು, ಅದರಲ್ಲಿ ಒಬ್ಬರು ದಿನಾ ಮೇವು ಹಾಕುವವರೇ ಆಗಿರಬೇಕು ಅನ್ನುವುದೊಂದೇ ನಿಯಮ.

ಮೊದಲ ದಿನ ಪಾಠ ಇಲ್ಲ, ಒಂದು ತಕ್ಕಡಿ ಮಾತ್ರ. ಹಿಂದಿನ ದಿನ ಹಸುವಿಗೆ ಹಾಕಿದ್ದನ್ನೆಲ್ಲ ತೂಗಿ ಬರೆದಿಡಲು ಆ ಮನೆಯವರಿಗೆ ಹೇಳಿದ್ದೆವು. ಹಸಿರು 22 ಕೆಜಿ, ಒಣಹುಲ್ಲು 4 ಕೆಜಿ, ಹಿಂಡಿ 1 ಕೆಜಿ. "ಹೊಟ್ಟೆ ತುಂಬಾ ಹಾಕಿದ್ದೀವಿ" ಅಂದರು. ಬೆಳಗ್ಗೆ ಗೋದಲಿಯಲ್ಲಿ, ಅದರ ಕೆಳಗೆ, ಹಸುವಿನ ಕಾಲ ಬಳಿ ಬಿದ್ದಿದ್ದನ್ನೆಲ್ಲ ಗುಡಿಸಿ ತೂಗಿದರೆ 6 ಕೆಜಿ ಹತ್ತಿರ ಬಂತು, ಹೆಚ್ಚಿನದು ದಪ್ಪ ಕಾಂಡ.

ಆಮೇಲೆ ಒಂದು ಲೆಕ್ಕ. ಹಸಿರು ಮೇವಿನಲ್ಲಿ ಬಹುಪಾಲು ನೀರು. ನೇಪಿಯರ್‌ನಂಥ ಹುಲ್ಲನ್ನು 10 ಕೆಜಿ ಹಾಕಿದರೆ ಅದರಲ್ಲಿ ನೀರು ತೆಗೆದು ಉಳಿಯುವ ಒಣ ತೂಕ ಸುಮಾರು 2 ಕೆಜಿ. ಒಣಹುಲ್ಲಿನಲ್ಲಿ 10ಕ್ಕೆ 9. ಹಾಲು ಕೊಡುವ 400 ಕೆಜಿ ತೂಕದ ಹಸು ತನ್ನ ತೂಕದ ಶೇ. 3ರಷ್ಟು, ಅಂದರೆ ದಿನಕ್ಕೆ 12 ಕೆಜಿಯಷ್ಟು ಒಣ ತೂಕ ತಿನ್ನಬಲ್ಲದು. ಇವರು ಹಾಕಿದ್ದರಲ್ಲಿ ಹಸಿರಿನಿಂದ 4.4, ಒಣಹುಲ್ಲಿನಿಂದ 3.6, ಹಿಂಡಿಯಿಂದ 0.9. ಒಟ್ಟು 9 ಕೆಜಿ ಹತ್ತಿರ. ಬಿಟ್ಟದ್ದು ಕಳೆದರೆ ಹೊಟ್ಟೆಗೆ ಹೋದದ್ದು 7ರ ಆಸುಪಾಸು. ಕೊಟ್ಟಿಗೆಯಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಆ ಮನೆಯ ಅಜ್ಜಿ, "ಹಂಗಾದ್ರೆ ಇದು ಅರೆಹೊಟ್ಟೇಲಿ ಇದ್ಯಲ್ಲಪ್ಪಾ" ಅಂದರು. ಎರಡು ದಿನದ ಸ್ಲೈಡುಗಳು ಹೇಳಲಾಗದ್ದನ್ನು ಒಂದು ಹಳೇ ತಕ್ಕಡಿ ಹೇಳಿತು.

ಹೊಸ ಹುಲ್ಲು ನೆಡುವ ಮಾತು ಆಗ ತೆಗೆಯಲೇ ಇಲ್ಲ. ಇರುವುದನ್ನೇ ಪೂರ್ತಿ ತಿನ್ನಿಸುವುದು ಹೇಗೆ ಅಂತ ನೋಡಿದೆವು. ಕತ್ತರಿಸಿ ಹಾಕಿದರೆ ಆರಿಸಿ ಬಿಡುವುದು ಕಡಿಮೆ. ಎರಡು ಮೂರು ಸೆಂಟಿಮೀಟರ್ ತುಂಡು ಸಾಕು, ಪುಡಿ ಮಾಡಬಾರದು, ತೀರಾ ಸಣ್ಣದಾದರೆ ಮೆಲುಕು ಹಾಕುವುದು ಕಡಿಮೆಯಾಗುತ್ತದೆ. ಎಂಟು ಮನೆ ಸೇರಿ ಕೈಯಿಂದ ತಿರುಗಿಸುವ ಒಂದು ಮೇವು ಕತ್ತರಿಸುವ ಯಂತ್ರ ಇಟ್ಟುಕೊಂಡರು. ಗೋದಲಿಯ ಅಂಚಿಗೆ ಒಂದು ಹಲಗೆ ಹೊಡೆದು ಎತ್ತರಿಸಿದರು, ಹಸು ಮೇವು ಹೊರಗೆ ಎಳೆದು ಹಾಕದ ಹಾಗೆ. ಹಲಗೆ ನಮ್ಮ ಕೈಪಿಡಿಯಲ್ಲಿ ಎಲ್ಲೂ ಇರಲಿಲ್ಲ, ಅವರೇ ಮಾಡಿಕೊಂಡದ್ದು.

ನೀರಿನ ವಿಷಯ ಬಂದದ್ದು ಎರಡನೇ ದಿನ, ಅದೂ ಆಕಸ್ಮಿಕವಾಗಿ. ಹಸುವಿಗೆ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ತೋರಿಸುವುದು ಅಲ್ಲಿನ ರೂಢಿ. ನಾವು ಮಾತಾಡುತ್ತಿದ್ದಾಗ ಯಾರೋ ಕೈ ತೊಳೆಯಲು ಬಕೆಟ್ ತಂದಿಟ್ಟರು. ಹಸು ಹಗ್ಗ ಬಿಗಿಯುವಷ್ಟು ಕತ್ತು ಚಾಚಿ, ಮೂತಿ ಮುಳುಗಿಸಿ, ತಲೆ ಎತ್ತದೆ ಬಕೆಟ್ ಖಾಲಿ ಮಾಡಿತು. ಇನ್ನೊಂದು ಬಕೆಟ್ ಇಟ್ಟೆವು. ಅದೂ ಮುಗಿಯಿತು. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುವುದು. ಬಿಸಿಲಿನಲ್ಲಿ ಹಾಲು ಕೊಡುವ ಹಸುವಿಗೆ ದಿನಕ್ಕೆ 50-60 ಲೀಟರ್ ದಾಟಿ ಬೇಕಾಗಬಹುದು, ನೀರು ಸಾಲದಿದ್ದರೆ ಮೇವೂ ಕಡಿಮೆ ತಿನ್ನುತ್ತದೆ. ರಾತ್ರಿ ನೀರು ಇಡ್ತೀರಾ ಅಂತ ಕೇಳಿದೆ. "ರಾತ್ರಿ ಯಾಕೆ ಸರ್, ಮಲಗಿರುತ್ತಲ್ಲ" ಅಂದರು. ಅವತ್ತಿನಿಂದ ಒಂದು ಅರ್ಧ ಡ್ರಮ್ ಕೊಟ್ಟಿಗೆಯಲ್ಲೇ ಹಗಲೂ ರಾತ್ರಿ ಇಟ್ಟರು. ಒಂದು ವಾರದೊಳಗೆ ಆ ಮನೆಯವರು ಹಾಲಿನ ಕ್ಯಾನ್ ತೋರಿಸಿ ಗೀಟು ಮೇಲೆ ಹೋಗಿದೆ ಅಂದರು. ಖರ್ಚಿಲ್ಲದ ಬದಲಾವಣೆ ಎಷ್ಟು ಬೇಗ ಮನೆಯಿಂದ ಮನೆಗೆ ಹರಡುತ್ತದೆ ಅಂದರೆ, ಮುಂದಿನ ಸಭೆಗೆ ನಾವು ಹೋಗುವಷ್ಟರಲ್ಲಿ ಇನ್ನೂ ಏಳೆಂಟು ಮನೆಯಲ್ಲಿ ಡ್ರಮ್ಮು ಬಂದಿತ್ತು.

ಇಷ್ಟಾದ ಮೇಲೆ ಹುಲ್ಲು ಬೆಳೆಸುವುದರ ಬಗ್ಗೆ ಅವರೇ ಕೇಳಿದರು. ಆಗ ಆ ಆಳೆತ್ತರದ ನೇಪಿಯರ್ ಹತ್ತಿರವೇ ಎಲ್ಲರನ್ನೂ ಕರೆದುಕೊಂಡು ಹೋದೆವು. ಅದೇ ಸಾಲಿನಲ್ಲಿ ಒಂದು ಭಾಗ ಕೊಯ್ದು ಆರು ವಾರ ಬಿಟ್ಟಿದ್ದೆವು. ಎಳೆಯದೊಂದು ಕಟ್ಟು, ಬಲಿತದ್ದೊಂದು ಕಟ್ಟು, ಎರಡನ್ನೂ ಹಸುವಿನ ಮುಂದೆ ಹಾಕಿದರೆ ಅದು ಯಾವುದಕ್ಕೆ ಬಾಯಿ ಹಾಕಿತು ಅಂತ ಹೇಳಬೇಕಿಲ್ಲ ಅಲ್ವಾ. ನೇಪಿಯರ್ ಬಲಿತಷ್ಟೂ ಎಲೆ ಕಡಿಮೆ, ಕಾಂಡ ಜಾಸ್ತಿ, ಪ್ರೋಟೀನ್ ಇಳಿಮುಖ. ನೆಟ್ಟ ಮೇಲೆ ಬೇರು ಹಿಡಿಯಲು ಮೂರು ತಿಂಗಳ ಹತ್ತಿರ ಬಿಟ್ಟು ಮೊದಲ ಕೊಯ್ಲು, ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ, ನೆಲದಿಂದ ಒಂದು ಗೇಣು ಬಿಟ್ಟು ಕೊಯ್ಯಬೇಕು. ಒಂದೇ ದಿನ ಪೂರ್ತಿ ಕೊಯ್ದರೆ ಮತ್ತೆ ಪೂರ್ತಿ ಒಂದೇ ಸಲ ಬಲಿಯುತ್ತದೆ. ಹಾಗಾಗಿ ಸಾಲುಗಳನ್ನು ವಾರದ ಲೆಕ್ಕದಲ್ಲಿ ಹಂಚಿ, ಆರು ತುಂಡು ಮಾಡಿ ಕೋಲು ನೆಟ್ಟು ಗುರುತು ಮಾಡಿದರು.

ಈ ಸಲ ಕಡ್ಡಿಯನ್ನು ನಾವು ಎಲ್ಲಿಂದಲೋ ತರಿಸಲಿಲ್ಲ, ಆ ಮೂರು ಮನೆಯಿಂದಲೇ ಹೋಯಿತು, ಅದೂ ಗಿಡ ಆರೋಗ್ಯವಾಗಿದೆಯಾ ಅಂತ ನೋಡಿ. ಪೂರ್ವ ಆಫ್ರಿಕಾದಲ್ಲಿ ನೇಪಿಯರ್‌ಗೆ ಕುಂಠಿತ ರೋಗ ಬಂದು ಸಣ್ಣ ಹೈನುಗಾರರ ಮೇವೇ ಹಾಳಾದದ್ದು ಗೊತ್ತಿರುವವರು ಈ ವಿಷಯದಲ್ಲಿ ಹುಷಾರಾಗಿರುತ್ತಾರೆ. ಆ ರೋಗ ಜಿಗಿಹುಳದಿಂದಲೂ ಹರಡುತ್ತದೆ, ರೋಗ ಹತ್ತಿದ ಕಡ್ಡಿ ಕೈಯಿಂದ ಕೈಗೆ ಹೋದರೂ ಹರಡುತ್ತದೆ. ಒಂದೇ ಹುಲ್ಲು ನೆಚ್ಚಿಕೊಳ್ಳಬೇಡಿ ಅಂತ ಗಿನಿ ಹುಲ್ಲನ್ನೂ ಸೇರಿಸಿದೆವು.

ಜಾಗದ ಜಗಳಕ್ಕೆ ಉತ್ತರ ಸಿಕ್ಕಿದ್ದು ಬದುಗಳಲ್ಲಿ. ಕೀನ್ಯಾದಲ್ಲಿ ಐಸಿಐಪಿಇ (icipe) ಅನ್ನುವ ಕೀಟ ಸಂಶೋಧನಾ ಸಂಸ್ಥೆ ಮತ್ತು ಬ್ರಿಟನ್ನಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿ 1990ರ ದಶಕದಲ್ಲಿ ರೂಪಿಸಿದ ಎಳೆ-ತಳ್ಳು ಪದ್ಧತಿಯ ಚಿತ್ರ ತೋರಿಸಿದೆ. ಮುಸುಕಿನ ಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನುವ ದ್ವಿದಳ ಮೇವಿನ ಗಿಡ, ಸುತ್ತಲೂ ನೇಪಿಯರ್. ಡೆಸ್ಮೋಡಿಯಂ ವಾಸನೆ ಕಾಂಡಕೊರಕದ ಪತಂಗವನ್ನು ದೂರ ತಳ್ಳುತ್ತದೆ, ಅಂಚಿನ ನೇಪಿಯರ್ ಅದನ್ನು ತನ್ನ ಕಡೆ ಎಳೆಯುತ್ತದೆ. ಎರಡೂ ಹಸುವಿಗೆ ಮೇವು. ಅಲ್ಲಿನ ರೈತರಿಗೆ ಮೇವು ಬೆಳೆ ಹಿಡಿಸಿದ್ದಕ್ಕೆ ದೊಡ್ಡ ಕಾರಣ, ಅದು ಊಟದ ಬೆಳೆಯನ್ನೂ ಕಾಪಾಡಿದ್ದು ಅಂತ ನನ್ನ ಅನಿಸಿಕೆ. ನಮ್ಮವರಲ್ಲಿ ಇಳಿಜಾರು ಹೊಲದವರು ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಬದುವಿನ ಮೇಲೆ ಹುಲ್ಲು ಹಾಕಿದರು. ಹಸುವಿಗೆ ಅಂತ ಕೇಳಿದಾಗ ಕೊಡದ ಜಾಗ, ಮಣ್ಣಿಗೆ ಅಂತ ಕೇಳಿದಾಗ ಸಿಕ್ಕಿತು.

ಹುಲ್ಲಿನ ಜೊತೆ ದ್ವಿದಳ ಮೇವು ಇದ್ದರೆ ಹಿಂಡಿಯ ಮೇಲಿನ ಭಾರ ಇಳಿಯುತ್ತದೆ. ಬೇಲಿಗೆ ಸುಬಾಬುಲ್ ಮತ್ತು ಗ್ಲಿರಿಸಿಡಿಯ ಮರ, ಬೆಳೆಯ ನಡುವೆ ಅಲಸಂದೆ. ಸುಬಾಬುಲ್ ವಿಷಯದಲ್ಲಿ ಒಬ್ಬರು ಪಟ್ಟು ಹಿಡಿದರು, ಅದು ತಿಂದ ಹಸುವಿನ ಕೂದಲು ಉದುರುತ್ತದೆ ಅಂತ. ಅವರು ಹೇಳಿದ್ದು ಸರಿಯೇ. ಅದರಲ್ಲಿ ಮಿಮೊಸಿನ್ ಅನ್ನುವ ವಿಷದ ಅಂಶ ಇದೆ. ಹವಾಯಿಯ ಮೇಕೆಗಳು ಅದನ್ನು ಧಾರಾಳವಾಗಿ ತಿಂದರೂ ಏನೂ ಆಗದ್ದನ್ನು ಕಂಡು ಆಸ್ಟ್ರೇಲಿಯಾದ ವಿಜ್ಞಾನಿ ರೇಮಂಡ್ ಜೋನ್ಸ್ ಕಾರಣ ಹುಡುಕಿದಾಗ, ಆ ವಿಷವನ್ನು ಮುರಿಯುವ ಸೂಕ್ಷ್ಮಜೀವಿ ಅವುಗಳ ಹೊಟ್ಟೆಯಲ್ಲಿ ಸಿಕ್ಕಿತು. ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ, ಸಿನರ್ಜಿಸ್ಟಿಸ್ ಜೋನ್ಸಿ. ನಮ್ಮ ಹಸುಗಳ ಹೊಟ್ಟೆಯಲ್ಲಿ ಅದು ಇದೆಯೋ ಇಲ್ಲವೋ ನೋಡುವ ದಾರಿ ನಮಗಿಲ್ಲ, ಹಾಗಾಗಿ ಒಟ್ಟು ಮೇವಿನ ಮೂರನೇ ಒಂದು ಭಾಗದೊಳಗೆ ಇರಲಿ ಅಂತ ನಿಲ್ಲಿಸಿದೆವು.

ಗೊಬ್ಬರದ ಮಾತು ಬಿಡುವ ಹಾಗಿಲ್ಲ. ನೇಪಿಯರ್ ವರ್ಷವಿಡೀ ಕೊಯ್ದು ಸಾಗಿಸುವ ಬೆಳೆ. ಹೊಲದಿಂದ ಸಾರಜನಕ, ಪೊಟ್ಯಾಷ್ ಎಲ್ಲ ಹೊರೆಯ ಜೊತೆ ಕೊಟ್ಟಿಗೆಗೆ ಬರುತ್ತದೆ. ಸಗಣಿ, ಗಂಜಲ ಅದೇ ಸಾಲಿಗೆ ವಾಪಸ್ ಹೋಗದಿದ್ದರೆ ಎರಡು ಮೂರು ವರ್ಷದಲ್ಲಿ ಹುಲ್ಲು ಸೊರಗುತ್ತದೆ. ಗಂಜಲವನ್ನು ಹೊರಗೆ ಹರಿಯಬಿಡುತ್ತಿದ್ದವರಿಗೆ ಇದು ಹೊಸದು. ಕೊಟ್ಟಿಗೆ ನೆಲಕ್ಕೆ ಸ್ವಲ್ಪ ಇಳಿಜಾರು, ಕೊನೆಗೊಂದು ಗುಂಡಿ, ಅಷ್ಟೇ.

ಇನ್ನು ಒಣ ತಿಂಗಳ ತಯಾರಿ. ಇಲ್ಲಿ ನಾನು ಇನ್ನೊಂದು ತಪ್ಪು ಮಾಡಿದೆ, ಅದು ದೊಡ್ಡದೇ ಆಗಬಹುದಿತ್ತು. ಒಣಹುಲ್ಲಿನಲ್ಲಿ ಪ್ರೋಟೀನ್ ಶೇ. 3-4 ಮಾತ್ರ. ಹಸುವಿನ ಮೊದಲ ಹೊಟ್ಟೆಯಲ್ಲಿ ನಾರನ್ನು ಕರಗಿಸುವ ಸೂಕ್ಷ್ಮಜೀವಿಗಳಿಗೆ ಮೇವಿನಲ್ಲಿ ಶೇ. 7ರಷ್ಟಾದರೂ ಬೇಕು, ಇಲ್ಲದಿದ್ದರೆ ಹೊಟ್ಟೆ ತುಂಬಿರುತ್ತದೆ, ಒಳಗೆ ಕೆಲಸ ನಡೆಯುವುದಿಲ್ಲ. ಯೂರಿಯಾ ಉಪಚಾರ ಇದಕ್ಕೆ ಒಂದು ದಾರಿ: 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಮುಚ್ಚಿ 21 ದಿನ ಬಿಡುವುದು. ತೆಗೆದ ಮೇಲೆ ವಾಸನೆ ಹೋಗುವಷ್ಟು ಆರಿಸಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸುವುದು. ಆರು ತಿಂಗಳೊಳಗಿನ ಕರುವಿಗೆ ಕೊಡಬಾರದು. ಇಷ್ಟೂ ಹೇಳಿದ್ದೆ. ಉಳಿದ ನೀರನ್ನು ಏನು ಮಾಡಬೇಕು ಅಂತ ಹೇಳಿರಲಿಲ್ಲ.

ಮಾಡಿ ತೋರಿಸಿ ಎಲ್ಲರೂ ಕೈ ತೊಳೆಯುತ್ತಿದ್ದೆವು. ತಳದಲ್ಲಿ ಯೂರಿಯಾ ನೀರು ಉಳಿದಿದ್ದ ಬಕೆಟ್ ಅಂಗಳದಲ್ಲೇ ಇತ್ತು. ಹಗ್ಗ ಬಿಚ್ಚಿಕೊಂಡಿದ್ದ ಪಡ್ಡೆಯೊಂದು ನೇರ ಅದರ ಕಡೆ ನಡೆಯಿತು. ಒಬ್ಬ ಹುಡುಗ ಓಡಿಹೋಗಿ ಬಕೆಟ್ ಒದ್ದು ಬೀಳಿಸಿದ. ನೀರಿನಲ್ಲಿ ಕರಗಿದ ಯೂರಿಯಾವನ್ನು ದನ ಹಾಗೇ ಕುಡಿದರೆ ಅರ್ಧ ಮುಕ್ಕಾಲು ಗಂಟೆಯಲ್ಲೇ ನಡುಕ, ನೊರೆ, ಹೊಟ್ಟೆ ಉಬ್ಬರ ಶುರುವಾಗಿ ಸತ್ತೇ ಹೋಗಬಹುದು. ಎಲ್ಲಾ ಮನೆಯಲ್ಲೂ ನೀರಿನ ಡ್ರಮ್ ಇಡಿಸಿ, ಬಕೆಟ್ ಕಂಡರೆ ಓಡಿಬರುವ ಹಾಗೆ ಮಾಡಿದವರೂ ನಾವೇ! ಅವತ್ತಿನಿಂದ ಯೂರಿಯಾ ಕಲಸುವ ಪಾತ್ರೆಗೆ ಕೆಂಪು ಬಟ್ಟೆ ಕಟ್ಟುವುದು, ಉಳಿದ ನೀರನ್ನು ಕೊನೇ ಪದರಕ್ಕೇ ಸುರಿದು ಪಾತ್ರೆ ಮಗುಚಿ ಹಾಕುವುದು ಪಾಠದ ಮೊದಲ ಸಾಲಾಯಿತು. ನಾಲ್ಕು ಮನೆಯವರು ಭಯಪಟ್ಟು ಯೂರಿಯಾ ಬೇಡವೇ ಬೇಡ ಅಂದರು. ಅವರನ್ನು ಒತ್ತಾಯ ಮಾಡಲಿಲ್ಲ. ಆ ಮನೆಗಳಲ್ಲಿ ಚಿಕ್ಕ ಮಕ್ಕಳಿದ್ದರು, ಅವರ ತೀರ್ಮಾನವೇ ಸರಿ.

ರಸಮೇವು, ಅಂದರೆ ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿ ಕಾಯ್ದಿಡುವ ಹಸಿರು ಮೇವು, ಇದಕ್ಕಿಂತ ಸುಲಭವಾಗಿ ಹಿಡಿಸಿತು, ಆದರೆ ಗುಂಡಿಯಲ್ಲಲ್ಲ. ಒಂದೆರಡು ಹಸು ಇರುವವರು ಗುಂಡಿ ತೆರೆದರೆ ದಿನಾ ಬೇಕಾಗುವಷ್ಟು ತೆಗೆಯುವಷ್ಟರಲ್ಲಿ ಉಳಿದದ್ದಕ್ಕೆ ಗಾಳಿ ತಾಗಿ ಬೂಸ್ಟು ಬರುತ್ತದೆ. ಹಾಗಾಗಿ 40-50 ಕೆಜಿಯ ದಪ್ಪ ಪ್ಲಾಸ್ಟಿಕ್ ಚೀಲ. ಕಾಳು ಹಾಲುದುಂಬಿ ಗಟ್ಟಿಯಾಗುವ ಹಂತದ ಮುಸುಕಿನ ಜೋಳ, ಸಣ್ಣಗೆ ಕತ್ತರಿಸಿದ್ದು. ಹದ ನೋಡಲು ಯಂತ್ರ ಬೇಡ: ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿ ಕೈ ಬಿಚ್ಚಿದರೆ ಉಂಡೆ ನಿಧಾನಕ್ಕೆ ಬಿಚ್ಚಿಕೊಳ್ಳಬೇಕು. ನೀರು ತೊಟ್ಟಿಕ್ಕಿದರೆ ಇನ್ನೂ ಬಾಡಿಸಬೇಕು, ತಕ್ಷಣ ಉದುರಿದರೆ ಒಣಗಿಹೋಗಿದೆ. ಮೂಲೆ ಮೂಲೆ ತುಳಿದು ಗಾಳಿ ಹೊರಗೆ ಹಾಕಿ ಕಟ್ಟಿದರೆ ಒಳಗೆ ಹುಳಿ ಹುಟ್ಟಿ ಮೇವು ಕೆಡದೆ ನಿಲ್ಲುತ್ತದೆ. ಒಂದೂವರೆ ತಿಂಗಳ ಮೇಲೆ ಮೊದಲ ಚೀಲ ಬಿಚ್ಚಿದಾಗ ಹಣ್ಣಿನಂಥ ಹುಳಿ ವಾಸನೆ, ಬಣ್ಣ ಹಳದಿ ಮಿಶ್ರಿತ ಹಸಿರು. ಎರಡನೇ ಮನೆಯಲ್ಲಿ ಬಿಚ್ಚಿದರೆ ಕಪ್ಪಗೆ, ಕೊಳೆತ ನಾತ. ಚೀಲ ತಿರುಗಿಸಿ ನೋಡಿದರೆ ಕೆಳಗೆ ಇಲಿ ಮಾಡಿದ ಹೆಬ್ಬೆರಳಿನಷ್ಟು ತೂತು! ಆಮೇಲೆ ಚೀಲಗಳೆಲ್ಲ ಅಟ್ಟ ಹತ್ತಿದವು.

ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ ಅನ್ನುವ ಪುಟ್ಟ ಸಸ್ಯದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಮೂವರು ತೊಟ್ಟಿ ಮಾಡಿದರು, ಇಬ್ಬರು ಬಿಟ್ಟರು. ಅದು ಕೆಟ್ಟದ್ದೇನಲ್ಲ. ಆದರೆ ಅದರಲ್ಲಿ ಶೇ. 90ಕ್ಕಿಂತ ಜಾಸ್ತಿ ನೀರು. ಒಂದು ಕೆಜಿ ಹಾಕಿದರೆ ಹಸುವಿಗೆ ಸಿಗುವ ಒಣ ತೂಕ ನೂರು ಗ್ರಾಮಿಗಿಂತ ಕಡಿಮೆ. ದಿನಾ ತೊಳೆದು, ತೊಟ್ಟಿ ನೋಡಿಕೊಳ್ಳುವ ಕೆಲಸಕ್ಕೆ ಹೋಲಿಸಿದರೆ ದೊಡ್ಡ ಹಸುವಿಗೆ ಅದು ಗಿಟ್ಟುವುದಿಲ್ಲ ಅಂತ ನನ್ನ ಅಭಿಪ್ರಾಯ.

ಹವಾಮಾನದ ಮಾತೂ ಒಮ್ಮೆ ಬಂತು. ಹಸು ತಿಂದ ಮೇವಿನ ಶಕ್ತಿಯಲ್ಲಿ ಶೇ. 6ರ ಆಸುಪಾಸು ಮೀಥೇನ್ ಆಗಿ ತೇಗಿನಲ್ಲಿ ಹೊರಗೆ ಹೋಗುತ್ತದೆ. ಹಾಲು ಎಷ್ಟೇ ಕೊಡಲಿ, ಬದುಕಿರಲು ಹಸು ತಿನ್ನಲೇಬೇಕಾದದ್ದು ತಿನ್ನುತ್ತದೆ, ತೇಗುತ್ತದೆ. ಹಾಗಾಗಿ ಮೇವು ಸುಧಾರಿಸಿ ಹಾಲು ಹೆಚ್ಚಿದರೆ ಒಂದೊಂದು ಲೀಟರ್ ಹಾಲಿನ ಲೆಕ್ಕಕ್ಕೆ ಬೀಳುವ ಮೀಥೇನ್ ಇಳಿಯುತ್ತದೆ. "ಅಂದ್ರೆ ನಾಲ್ಕು ಬಡಕಲು ಹಸುಗಿಂತ ಎರಡು ಚೆನ್ನಾಗಿರೋದು ಮೇಲು ಅಂತೀರಾ?" ಅಂತ ಒಬ್ಬರು ಕೇಳಿದರು. ಹೌದು ಅಂದೆ. ಅವರು ನಕ್ಕು ಸುಮ್ಮನಾದರು, ಆದರೆ ಹಸು ಮಾರಲಿಲ್ಲ. ಕಷ್ಟಕ್ಕೆ ಒಂದನ್ನು ಮಾರಬಹುದು ಅನ್ನುವ ಧೈರ್ಯಕ್ಕೆ ಸಾಕಿದ ಹಸುವಿನ ಲೆಕ್ಕ ಹಾಲಿನ ಕ್ಯಾನ್‌ನಲ್ಲಿ ಸಿಗುವುದಿಲ್ಲ.

ಒಂದು ವರ್ಷದ ಮೇಲೆ ಹಂಚಿದ್ದನ್ನು ಎಣಿಸಲಿಲ್ಲ, ಉಳಿದದ್ದನ್ನು ಎಣಿಸಿದೆವು. ನೀರಿನ ಡ್ರಮ್ ಬಹುತೇಕ ಎಲ್ಲಾ ಮನೆಯಲ್ಲಿ. ಕತ್ತರಿಸಿ ಹಾಕುವುದು ಯಂತ್ರ ಹತ್ತಿರ ಇದ್ದವರ ಮನೆಯಲ್ಲಿ ಮಾತ್ರ, ದೂರದವರು ಬಿಟ್ಟಿದ್ದರು. ಬದುವಿನ ಹುಲ್ಲು ಹದಿನಾಲ್ಕು ಕಡೆ. ಚೀಲದ ರಸಮೇವು ಒಂಬತ್ತು. ಯೂರಿಯಾ ಉಪಚಾರ ಎರಡೇ.

ಜಮೀನಿಲ್ಲದವರ ವಿಷಯ ಬಾಕಿ ಇದೆ. ಒಂದೇ ಹಸು, ದಾರಿ ಬದಿಯ ಹುಲ್ಲೇ ಆಧಾರ. ಬದು, ಬೇಲಿ, ಸಾಲು ಅಂತ ನಾವು ಮಾತಾಡುವಾಗಲೆಲ್ಲ ಅವರು ಹಿಂದೆ ಕೂತು ಕೇಳುತ್ತಿದ್ದರು, ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಅವರಿಗೆ ಏನು ಹೇಳಬೇಕು ಅಂತ ನನಗೆ ತೋಚಿರಲಿಲ್ಲ. ಆ ಯಂತ್ರ ಬಂದ ಮೇಲೆ ಒಂದು ದಿನ ಅವರೇ ಅದರ ಹಿಡಿಕೆ ಹಿಡಿದು ನಿಂತಿದ್ದರು. ವಯಸ್ಸಾದವರ ಮನೆಯ ಮೇವು ಕತ್ತರಿಸಿ ಕೊಡುವುದು, ಹತ್ತು ಕಟ್ಟಿಗೆ ಒಂದು ಕಟ್ಟು ಅವರಿಗೆ. ಈ ಒಪ್ಪಂದ ಯಾವಾಗ ಆಯಿತು ಅಂತ ಕೇಳಿದೆ. "ನೀವು ಯೂರಿಯಾ ಹೇಳ್ತಿದ್ರಲ್ಲ ಸರ್, ಅವತ್ತೇ" ಅಂದರು, ಹಿಡಿಕೆ ತಿರುಗಿಸುತ್ತಲೇ.